ಮಿಂಚಿನ ನಡುವೆ ಕೊಳಲು

ಸಂಜೆಯ ನಮಾಜು ಮುಗಿಸಿ ಬಂದ ಶಾಫಿ ಅಂಗಡಿಯ ಕಪಾಟು ನೋಡಿ ನಿಂತೇಬಿಟ್ಟ. ತಮ್ಮ ಇಹ್ಸಾನ್ ದುಬೈಯಿಂದ ತಂದುಕೊಟ್ಟ ಎಫ್‌ಎಂ ರೇಡಿಯೋ—ಇಲ್ಲ!

ವೇಣೂರಿನಲ್ಲಿ ಏನು ಕಳವಾದರೂ ಮೊದಲು ಕರೆಯುವುದು ಕುಶಾಲಪ್ಪನವರನ್ನು. ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಅವರು ನಿವೃತ್ತರಾದರೂ ಮೀಸೆ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಅಂಥದ್ದೇನು ಉಂಟು ಅದರಲ್ಲಿ?"

"ಸ್ವರ, ಕುಶಾಲಣ್ಣ. ಮಿಂಚು ಬಂದ್ರೂ ಕರಕರ ಇಲ್ಲ. ಹಾಡುವವರು ಪಕ್ಕದಲ್ಲೇ ಕೂತ ಹಾಗೆ."

"ನೀನು ಹೊರಡುವಾಗ ಯಾರಿದ್ದರು?"

"ನಿಮ್ಮ ಪದ್ಮಾಕ್ಷಿಯಕ್ಕ ಸಾಬೂನಿಗೆ ಬಂದಿದ್ರು. ಜಗಲಿಯಲ್ಲಿ ನೋಣಯ್ಯ ಹಾಡು ಕೇಳ್ತಾ ಇದ್ದ."

ಹೆಂಡತಿಯ ಹೆಸರು ಕುಶಾಲಪ್ಪನವರ ಕಿವಿ ದಾಟಿ ಹೋಯಿತು. ನೋಣಯ್ಯನ ಹೆಸರು ನಿಂತಿತು. ಸೌದೆ ಸೀಳುವ ಆಳು—ಇನ್ಯಾರು?

ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ಅವನ ಚೀಲ ಕೊಡವಿದರು. ಬಂಗುಡೆ ಮೀನು ನೆಲಕ್ಕೆ ಬಿತ್ತು. ಅಷ್ಟಕ್ಕೇ ಬಿಡದೆ ಅವನ ಮನೆಗೂ ನಡೆದರು. ಹೊರಗೆ ಗುಡುಗು ಮಳೆ. ಒಳಗೆ ಹಳೆಯ ರೇಡಿಯೋದಲ್ಲಿ ಕೊಳಲು ಕಛೇರಿ. ಪ್ರತಿ ಮಿಂಚಿಗೂ ಕರ್ರೆಂದು ಕೊಳಲೇ ಮುಳುಗುತ್ತಿತ್ತು. ಅಕ್ಕಿ ಡಬ್ಬಿಯನ್ನೂ ಬಿಡದೆ ಹುಡುಕಿದರು.

"ಎಲ್ಲಿಟ್ಟಿದ್ದಿ?"

"ನಾನು ಕೇಳ್ಲಿಕ್ಕೆ ಮಾತ್ರ ಹೋಗುವವ, ಸಾರ್."

ತಮ್ಮ ಮನೆಗೆ ಬಂದಾಗ ಪದ್ಮಾಕ್ಷಿ ಗಂಜಿ ಬಡಿಸಿದರು. ಮುಖದಲ್ಲಿ ಎಂದೂ ಇಲ್ಲದ ಗೆಲುವು.

"ಇವತ್ತು ರೇಡಿಯೋದಲ್ಲಿ ಕೊಳಲು ಕೇಳಿದೆ. ಊದುವವರು ಉಸಿರು ತೆಗೆದದ್ದೂ ಕೇಳ್ತಿತ್ತು ಮಾರಾಯ್ರೆ."

ಕುಶಾಲಪ್ಪನವರ ಕೈ ಬಟ್ಟಲಲ್ಲೇ ನಿಂತಿತು. ಅದೇ ಕಛೇರಿ. ಅದೇ ಮಿಂಚು. ಅವರ ಮನೆಯ ರೇಡಿಯೋವೂ ನೋಣಯ್ಯನದರಷ್ಟೇ ಹಳತು.

"ಯಾವ ರೇಡಿಯೋದಲ್ಲಿ, ಪದ್ಮಾ?"

ಪದ್ಮಾಕ್ಷಿ ತಲೆ ತಗ್ಗಿಸಿದರು. ಎಷ್ಟು ವರ್ಷದಿಂದ ಹೊಸದು ಬೇಕು ಅಂತ ಕೇಳಿದ್ದೆ, ಇದೇ ಸಾಕು ಅಂದಿರಿ, ನೋಣಯ್ಯ ಎದ್ದು ಹೋದ ಮೇಲೆ ತಂದೆ, ಒಮ್ಮೆ ಕೇಳಿ ನಾಳೆ ಇಟ್ಟು ಬರುವ ಅಂತಿದ್ದೆ—ಎಂದು ಬಿಕ್ಕಿದರು.

ಬೆಳಿಗ್ಗೆ ಅಂಗಡಿಯ ಮುಂದೆ ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿದ್ದ ಅದೇ ಜನ. ಪದ್ಮಾಕ್ಷಿ ಗಂಡನ ಹಿಂದೆ ನಿಂತಿದ್ದರು. ಕುಶಾಲಪ್ಪನವರು ಹೆಗಲ ಬೈರಾಸಿನಲ್ಲಿ ಸುತ್ತಿದ್ದ ರೇಡಿಯೋ ಬಿಚ್ಚಿಟ್ಟರು.

"ನಿನ್ನೆಯ ಮಿಂಚಿಗೆ ಹಳೆ ರೇಡಿಯೋದಲ್ಲೆಲ್ಲ ಕರಕರ. ನೋಣಯ್ಯನ ಮನೆಯಲ್ಲಿ ನಾನೇ ಕೇಳಿದ್ದೇನೆ. ಕೊಳಲು ಸ್ವಚ್ಛ ಕೇಳಿದ್ದು ಇದರಲ್ಲಿ ಮಾತ್ರ. ಅದನ್ನು ಕೇಳಿದವಳು ನನ್ನ ಹೆಂಡತಿ. ತಂದದ್ದೂ ಅವಳೇ. ಶಾಫಿ ಅವಳ ಹೆಸರು ಹೇಳಿದ್ದ. ನಾನು ಪೊಲೀಸನಾಗಿ ಕೇಳಲಿಲ್ಲ, ಗಂಡನಾಗಿಯೂ ಕೇಳಲಿಲ್ಲ."

ಎಲ್ಲಿ ನೋಡಬೇಕೆಂದು ತಿಳಿಯದೆ ಶಾಫಿ ರೇಡಿಯೋದ ಗುಂಡಿ ತಿರುಗಿಸಿದ. ವೀಣೆ ತಿಳಿನೀರಿನಂತೆ ಹರಿಯಿತು.

ನೋಣಯ್ಯ ಜಗಲಿಯ ತನ್ನ ಮಾಮೂಲಿ ಜಾಗದಲ್ಲಿ ಕೂತು ಪದ್ಮಾಕ್ಷಿಯವರತ್ತ ತಿರುಗಿದ.

"ಕೊಳಲು ಪೂರ್ತಿ ಕೇಳಿದ್ರಾ, ಅಕ್ಕಾ? ನನಗೆ ಅರ್ಧವೂ ಕೇಳ್ಲಿಲ್ಲ. ಮಿಂಚು ಒಂದು ಕಡೆ. ಇನ್ನೊಂದು ಕಡೆ ಸಾರ್ ಬೈತಾ ಇದ್ರು."

ಕುಶಾಲಪ್ಪನವರು ಬೈರಾಸು ಮಡಚುತ್ತಲೇ ಇದ್ದರು. ಅದು ಅಂಗೈಯಷ್ಟಾದರೂ ಅವರ ತಲೆ ಮೇಲೇಳಲಿಲ್ಲ.