ಇನ್ನೂ ಎಂಟು ಸುತ್ತು

ನೀರು ಗದ್ದಕ್ಕೆ ಬಂದಿತ್ತು.

ತಲೆಯ ಮೇಲೆ ಕಬ್ಬಿಣದ ಮುಚ್ಚಳ. ಅದರ ಮೇಲೆ ಎಂಜಿನಿಯರನ ಬೂಟು!

"ಸೋರಿಕೆ ಹುಡುಕೋಕೆ ಬಂದ್ಯಲ್ಲ... ಈಗ ಚೆನ್ನಾಗಿ ಹುಡುಕು!"

ಬೂಟಿನ ಸದ್ದು ದೂರವಾಯಿತು.

ನಾನು ಪಕ್ಕದ ನಗರದ ನೀರು ಮಂಡಳಿಯವನು ಸ್ವಾಮಿ. ಎರಡು ಮಂಡಳಿಗಳಿಗೂ ಒಪ್ಪಂದವಾಗಿತ್ತು: ಸೋರಿಕೆ ಹಿಡಿಯುವುದನ್ನು ನಾವು ಕಲಿಸಬೇಕು, ಅವರು ತಮ್ಮ ಪೈಪುಗಳನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು. ಇಲ್ಲಿ ನೂರು ಕೊಡ ಬಿಟ್ಟರೆ ನಲವತ್ತು ಮಾಯ! ಆ ಬೆಳಿಗ್ಗೆ ಈ ವಾಲ್ವ್ ಗುಂಡಿಯೊಳಗೆ, ನಕ್ಷೆಯಲ್ಲಿಲ್ಲದ ಪೈಪೊಂದು ಕಣ್ಣಿಗೆ ಬಿತ್ತು. "ಇದೆಲ್ಲಿಗೆ ಹೋಗುತ್ತೆ?" ಎಂದು ಮೇಲೆ ನಿಂತಿದ್ದ ಇಲ್ಲಿನ ಮಂಡಳಿಯ ಎಂಜಿನಿಯರನನ್ನು ಕೇಳಿದೆ.

ಉತ್ತರವಾಗಿ ಮುಚ್ಚಳ ಬಿತ್ತು. ಹೊರಗಿನಿಂದಲೇ ವಾಲ್ವ್ ತಿರುಗಿಸಿ ಗುಂಡಿಗೆ ನೀರು ಬಿಟ್ಟ!

ಕೈಯಲ್ಲಿ ಸ್ಪ್ಯಾನರ್ ಇತ್ತು. ಪೈಪಿಗೆ ಬಡಿದೆ.

ಟಣ್! ಟಣ್! ಟಣ್!

ಮುಂದಿನ ಬೀದಿಯಲ್ಲಿ ಒಬ್ಬಳು ಸೋರಿಕೆಯ ಸದ್ದು ಹಿಡಿಯುವ ಹೆಡ್‌ಫೋನ್ ಹಾಕಿಕೊಂಡು ಅದೇ ಪೈಪಿಗೆ ಕಿವಿಗೊಟ್ಟಿದ್ದಳು. ನನ್ನ ಶಿಷ್ಯೆ.

ಎಂಜಿನಿಯರನ ಒಡಹುಟ್ಟಿದ ತಂಗಿ.

ಮೂಗು ಮುಳುಗುವಷ್ಟರಲ್ಲಿ ಮುಚ್ಚಳ ಸರಿಯಿತು.

"ಯಾರು ಸಾರ್ ಮಾಡಿದ್ದು?"

"ನಿಮ್ಮಣ್ಣ."

ಅವಳು ಅಳಲಿಲ್ಲ. ವಾಲ್ವ್ ತಿರುಗಿಸುವ ಕೀ ಎತ್ತಿಕೊಂಡಳು.

"ಆ ಪೈಪಿನ ಸದ್ದು ನೀರು ಮಾರೋ ಟ್ಯಾಂಕರ್ ಯಾರ್ಡ್ ಕಡೆ ಹೋಗ್ತಿದೆ. ಹತ್ತಿ ಬೈಕು!"

ಯಾರ್ಡಿನಲ್ಲಿ ನನ್ನನ್ನು ನೋಡಿದ ಎಂಜಿನಿಯರನ ಮುಖ ಬಿಳುಚಿತು. ಟ್ಯಾಂಕರೊಂದರ ಮೆಟ್ಟಿಲಿಗೆ ನೆಗೆದು ಜೋತುಬಿದ್ದ.

"ಹತ್ತಿಸೋ ಅವರ ಮೇಲೆ!"

ಟ್ಯಾಂಕರ್ ನುಗ್ಗಿತು. ಸ್ಪ್ಯಾನರನ್ನು ಬೀಸಿ ಎಸೆದೆ. ಮುಂಗಾಜು ಪುಡಿಪುಡಿ! ಡ್ರೈವರ್ ಸ್ಟಿಯರಿಂಗ್ ಎಳೆದ. ಎಂಜಿನಿಯರ್ ಜಾರಿದ. ಹಿಂದಿನ ಚಕ್ರ ಅವನ ಕಾಲಿನ ಮೇಲೆ ಹತ್ತಿ ನಿಂತಿತು. ಡ್ರೈವರ್ ಓಟ ಕಿತ್ತ.

"ತಂಗೀ... ಕಾಲು! ಜಾಕ್ ತಾರೇ... ಜಾಕ್!"

ಅವಳು ಯಾರ್ಡಿನ ವಾಲ್ವಿನ ಮೇಲೆ ಬಗ್ಗಿ, ಕೀ ಹಾಕಿ ಅದನ್ನು ಮುಚ್ಚುತ್ತಿದ್ದಳು.

"ಇನ್ನೂ ಎಂಟು ಸುತ್ತಿದೆ ಅಣ್ಣ. ತಡ್ಕೋ."

"ನಿನ್ನ ಸ್ವಂತ ಅಣ್ಣ ಕಣೇ!"

"ಗುಡ್ಡದ ಮೇಲಿನ ಮನೆಗಳಿಗೆ ಎರಡು ವರ್ಷದಿಂದ ಹನಿ ನೀರಿಲ್ಲ. ಅವರೂ ತಡ್ಕೊಂಡಿದಾರೆ... ಇನ್ನು ಏಳು ಸುತ್ತು."

ಜಾಕ್ ನನ್ನ ಕಾಲ ಬಳಿಯೇ ಬಿದ್ದಿತ್ತು. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ...

ನನ್ನನ್ನು ಅವನು ಕೇಳಲೇ ಇಲ್ಲ!

ಕಾಲು ಉಳಿಯಲಿಲ್ಲ.

ತಿಂಗಳಾದ ಮೇಲೆ ಎರಡೂ ಮಂಡಳಿಗಳ ಸಭೆ. ಮಾಯವಾಗುವ ನೀರು ನೂರಕ್ಕೆ ಇಪ್ಪತ್ತೊಂಬತ್ತು ಕೊಡಕ್ಕೆ ಇಳಿದಿತ್ತು. ಚಪ್ಪಾಳೆಯೋ ಚಪ್ಪಾಳೆ! ಅಧ್ಯಕ್ಷರು ಅವಳ ಕಡೆ ತಿರುಗಿದರು.

"ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ತೂತು, ನಿನಗೆಲ್ಲಿ ಸಿಕ್ತಮ್ಮ?"

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಮ್ಮನೇಲೇ ಇತ್ತು ಸಾರ್."