ಕಲಾದಗಿಯ ತೋಟದ ಗೇಟು

ಒಂದೂರಲ್ಲಿ ಕಣ್ಣು ಕಾಣದ ಒಬ್ಬ ಮುತ್ಯಾ ಇದ್ದ ಎಂದು ಅಜ್ಜಿಯ ಕಥೆಯಂತೆಯೇ ಶುರು ಮಾಡುತ್ತೇನೆ. ಆದರೆ ಊರು ಕಲಾದಗಿ, ಮುತ್ಯಾ ನಮ್ಮ ಅಮಸಿದ್ದಪ್ಪ. ನಮ್ಮ ಚಿಕ್ಕು ತೋಟದ ಗೇಟು ತೆಗೆಯುವುದು ಆ ಮುದುಕನ ಕೆಲಸ. ನನ್ನ ಹಳೆಯ ಹೈಬ್ರಿಡ್ ಕಾರು ನಿಧಾನವಾಗಿ ಹೋಗುವಾಗ ಬ್ಯಾಟರಿಯಲ್ಲಿ ಓಡುತ್ತಿತ್ತು, ಚೂರೂ ಸದ್ದಿಲ್ಲ. ಪ್ರತಿ ಸಲ ನಾನೇ ಇಳಿದು ಗೇಟು ತೆಗೆದಾಗ ಮುತ್ಯಾನ ಮುಖ ಸಣ್ಣದಾಗುತ್ತಿತ್ತು.

"ದೆವ್ವ ಬಂದಂಗ ಬರ್ತೀಯಲ್ಲ ಅಂಜನಾ! ಒಂದ ದಿನ ನಾನ ಗೇಟ ತಗದು ನಿನ್ನ ಒಳಗ ಕರ್ಕೋತೇನಿ, ಖರೆ ಹೇಳ್ತೇನಿ."

ಅದಾಗುವ ಮೊದಲೇ ಮುತ್ಯಾ ತೀರಿಕೊಂಡ. ತೋಟಕ್ಕೆ ಬೀಗ ಬಿತ್ತು.

ಹೋದ ತಿಂಗಳು ಅದೇ ಕಾರಿನ ಹೊಸ ಮಾದರಿ ಕೊಂಡೆ. ನಡೆಯುವವರಿಗೆ ಕೇಳಲೆಂದು ಇದು ನಿಧಾನವಾಗಿ ಹೋಗುವಾಗ ತಾನಾಗಿಯೇ ಗುಂಯ್ ಎನ್ನುತ್ತದೆ. ಅಜ್ಜಿಯನ್ನು, ನಮ್ಮ ಆಯಿಯನ್ನು, ಕೂರಿಸಿಕೊಂಡು ಮಟಮಟ ಮಧ್ಯಾಹ್ನ ತೋಟಕ್ಕೆ ಹೋದೆ. ಕಾರು ಗುಂಯ್ ಎಂದಿತು. ಒಳಗೆ ಒಣ ಎಲೆಗಳ ಮೇಲೆ ಕೋಲೂರುವ ಸದ್ದು ಗೇಟಿನತನಕ ಬಂತು. ಆ ಬಿಸಿಲಲ್ಲೂ ಸ್ಟೇರಿಂಗ್ ತಣ್ಣಗಾಯಿತು. ಸರಪಳಿ ಸರಿದು ಗೇಟು ಪೂರ್ತಿ ತೆರೆಯಿತು. ಅಲ್ಲಿ ಯಾರೂ ಇರಲಿಲ್ಲ.

"ಆಯಿ, ಕೀಲಿಕೈ ನನ್ನ ಕಡೇನ ಐತಿ."

"ಇರ್ಲಿ ಬಿಡ. ಮುದುಕ ಎಷ್ಟೊತ್ತ ಗೇಟ ಹಿಡ್ಕೊಂಡ ನಿಂದರ್ಬೇಕು? ನಡಿ ಒಳಗ."

ನಾನು ಇಳಿಯದೆಯೇ ಒಳಗೆ ಹೋದೆ.