ಅನಂತ ಭುವನದ ಹಿಟ್ಟು ಉಬ್ಬದ ಪ್ರಕರಣ

ನಾಸಿಕ್ ಹತ್ತಿರದ ಸಿನ್ನರ್ ಪೊಲೀಸ್ ಠಾಣೆ ಕಂಡ ಅತ್ಯಂತ ಗಂಭೀರವಾದ ದೂರು ೧೯೮೯ರ ಮೇ ೯, ಮಂಗಳವಾರ ಬೆಳಿಗ್ಗೆ ೮.೪೦ಕ್ಕೆ ಒಂದು ಸ್ಟೀಲ್ ಡಬರಿಯಲ್ಲಿ ಬಂತು. ಇಡ್ಲಿ ಹಿಟ್ಟು ಉಬ್ಬಿರಲಿಲ್ಲ. ಭಾರತ ದಂಡ ಸಂಹಿತೆಯ ಐನೂರ ಹನ್ನೊಂದು ಕಲಮುಗಳಲ್ಲಿ ಇದಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ಆ ಕೊರತೆಯನ್ನು ಯಾರೂ ಆವರೆಗೆ ಗಮನಿಸಿರಲಿಲ್ಲ.

ದೂರುದಾರರು ಪುಣೆ ರಸ್ತೆಯ ‘ಅನಂತ ಭುವನ’ದ ಮಾಲೀಕ ದೇವದಾಸ ಪೈ. ಊರು ಕಾರ್ಕಳ, ಸಿನ್ನರಿಗೆ ಬಂದು ಹತ್ತೊಂಬತ್ತು ವರ್ಷ. ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಗಾಯಗೊಂಡ ಮಗುವನ್ನು ಮಲಗಿಸುವಂತೆ ಇನ್ಸ್‌ಪೆಕ್ಟರ್ ಪ್ರಭಾಕರ ಗಾಯಧನಿಯವರ ಮೇಜಿನ ಮೇಲಿಟ್ಟರು. ಸಾಹೇಬರು ಮುಚ್ಚಳ ತೆಗೆದು ನೋಡಿದರು. ಪೈಗಳ ಮರಾಠಿ ಸಿಟ್ಟಿನಲ್ಲಿ ಕನ್ನಡವಾಗಿಬಿಟ್ಟಿದ್ದರಿಂದ ಹವಾಲ್ದಾರ್ ಧರ್ಮಣ್ಣ ಕೋರೆಯನ್ನು ಕರೆದರು. ಧರ್ಮಣ್ಣ ಅಕ್ಕಲಕೋಟೆಯವನು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ, ಇಪ್ಪತ್ತೆರಡು ವರ್ಷದ ನೌಕರಿ.

“ಎಷ್ಟು ದಿವಸಾತ್ರಿ ಪೈ ಅವರ?”

“ಎರಡು ತಿಂಗಳಿಂದ ಮಾರಾಯ್ರೆ. ಎರಡು ಮೂರು ದಿನ ಚೆಂದ ಬರ್ತದೆ, ಆಮೇಲೆ ಎರಡು ದಿನ ಸತ್ತ ಹಾಗೆ ಮಲಗ್ತದೆ. ಅಕ್ಕಿ ಬದಲಿಸಿದೆ. ಉದ್ದು ಬದಲಿಸಿದೆ. ಪಾತ್ರೆ ಬದಲಿಸಿದೆ. ಬದಲಿಸದ್ದು ಒಂದೇ, ಮುದ್ದಣ್ಣನ ಕೈ.”

ಇದನ್ನು ಸಾಹೇಬರಿಗೆ ಬಿಡಿಸಿ ಹೇಳಬೇಕಾಯಿತು. ಹಿಟ್ಟನ್ನು ಯಂತ್ರ ರುಬ್ಬುತ್ತದೆ. ಆದರೆ ಉಪ್ಪು ಹಾಕಿ ಕಲಸುವುದು ಮಾತ್ರ ಒಬ್ಬನೇ ಮನುಷ್ಯ, ಬರಿಗೈಯಲ್ಲಿ. ಎಲ್ಲರ ಕೈಗೂ ಹಿಟ್ಟು ಉಬ್ಬುವುದಿಲ್ಲ, ಅದಕ್ಕೆ ಕೈಗುಣ ಬೇಕು. ಅನಂತ ಭುವನದಲ್ಲಿ ಹದಿನಾಲ್ಕು ವರ್ಷದಿಂದ ಆ ಕೈ ಮುದ್ದಣ್ಣನದು. ಅವನು ಊರಿಗೆ ಹೋದರೆ ಪೈಗಳು ಇಡ್ಲಿಯನ್ನೇ ನಿಲ್ಲಿಸಿ ಉಪ್ಪಿಟ್ಟು ಮಾಡಿಸುತ್ತಿದ್ದರು. ಈಗ ಆ ಕೈ ಹೋಗಿದೆ, ಇಲ್ಲವೇ ಬಸ್ ಸ್ಟ್ಯಾಂಡಿನ ಎದುರಾಳಿ ಹೋಟೆಲಿನವನು ಅವನಿಂದ ಹಿಟ್ಟಿಗೆ ಏನೋ ಹಾಕಿಸುತ್ತಿದ್ದಾನೆ ಎಂಬುದು ದೂರು.

೧೦.೧೫ಕ್ಕೆ ಮುದ್ದಣ್ಣನನ್ನು ಕರೆತಂದರು. ನಲವತ್ತಾರು ವರ್ಷ, ಬಿಳಿ ಬನಿಯನ್, ಮೊಣಕೈವರೆಗೆ ತೊಳೆದ ಕೈ.

“ಹಿಟ್ಟಿಗೆ ಏನು ಹಾಕ್ತಿ?”

“ಉಪ್ಪು.”

“ಮತ್ತ?”

“ಮತ್ತೆ ಕೈ.”

ಮರಾಠಿಗೆ ಹೋಗುವಾಗ ಇದು ಉದ್ಧಟತನವಾಯಿತು. ಸಾಹೇಬರು ಬೆತ್ತದ ಕಡೆ ಕಣ್ಣು ಹಾಯಿಸಿದರು. ಧರ್ಮಣ್ಣ ಬೆತ್ತ ತೆಗೆದುಕೊಂಡ. ಅಂಗೈ ಮೇಲೆ ಮಾಡಿ ನಿಲ್ಲಿಸಿ, ಎಣಿಸುತ್ತ ಹೊಡೆದ. ಒಂದೊಂದು ಕೈಗೆ ಆರು. ಐದನೆಯದಕ್ಕೆ ಚರ್ಮ ಒಡೆದು ರಕ್ತ ಬೆತ್ತಕ್ಕೆ ಅಂಟಿತು. ಮುದ್ದಣ್ಣ ಕೂಗಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಠಾಣೆಯ ದಿನಚರಿಯಲ್ಲಿ ‘ವಿಚಾರಿಸಿ ಬಿಡಲಾಯಿತು’ ಎಂದು ಬರೆದರು.

ಪೈಗಳು ಅವತ್ತೇ ಅವನನ್ನು ಕೆಲಸದಿಂದ ಬಿಡಿಸಿ ನಾಸಿಕ್‌ನಿಂದ ಹೊಸಬನನ್ನು ತಂದರು. ಮರುದಿನ ಹಿಟ್ಟು ಪಾತ್ರೆಯ ಬಾಯಿ ಮೀರಿ ಉಬ್ಬಿತು. ಠಾಣೆಗೆ ಇಡ್ಲಿ ಬಂತು. ತನಿಖೆ ಫಲ ಕೊಟ್ಟಿತೆಂದು ಸಾಹೇಬರು ಚಟ್ನಿ ಹೆಚ್ಚು ಕೇಳಿ ತರಿಸಿಕೊಂಡರು. ಪೈಗಳು ನಾಸಿಕ್, ಮಾಲೇಗಾಂವ್, ಔರಂಗಾಬಾದ್‌ನ ತಮ್ಮವರ ಹೋಟೆಲುಗಳಿಗೆಲ್ಲ ಫೋನು ಮಾಡಿ, ಮುದ್ದಣ್ಣನ ಕೈ ಹೋಗಿದೆ, ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಎಂದರು. ಹೀಗೆ ಹಿಟ್ಟು ಕಲಸುವುದೊಂದೇ ಗೊತ್ತಿದ್ದ ಮನುಷ್ಯನಿಗೆ ಎರಡು ದಿನದಲ್ಲಿ ಮೂರು ಊರು ಮುಚ್ಚಿದವು.

ಮೇ ೨೦, ಶನಿವಾರ ಮಧ್ಯಾಹ್ನ ೩.೫೦ಕ್ಕೆ ಆಡು ಮೇಯಿಸುವ ಕಾಶಿಬಾಯಿ ಠಾಣೆಗೆ ಬಂದಳು. ಕೈಗಾರಿಕಾ ವಸಾಹತಿನ ಹಿಂದಿನ ಹಳೆಯ ಮೆಟ್ಟಿಲುಬಾವಿಯ ಹತ್ತಿರ ಟ್ಯಾಂಕರ್ ನಿಂತಿದೆ, ಡ್ರೈವರ್ ಬಿದ್ದಿದ್ದಾನೆ ಎಂದಳು.

“ಬಿದ್ದಾನ, ಇಲ್ಲಾ ಸತ್ತಾನ?” ಎಂದು ಧರ್ಮಣ್ಣ ಕೇಳಿದ.

“ಒಂದು ಕಿವಿ ಬೇರೆ ಕಡೆ ಐತಿ ಸಾಹೇಬ.”

ಟ್ಯಾಂಕರಿನ ಹೊಟ್ಟೆಯ ಮೇಲೆ ‘ಕುಡಿಯುವ ನೀರು’ ಎಂದು ಮರಾಠಿಯಲ್ಲಿ ದೊಡ್ಡದಾಗಿ ಬರೆದಿತ್ತು. ಸಿನ್ನರಿನ ಮೇ ತಿಂಗಳಲ್ಲಿ ನೀರಿನ ಟ್ಯಾಂಕರನ್ನು ಯಾರೂ ಅನುಮಾನಿಸುವುದಿಲ್ಲ. ದೇವರ ಪಲ್ಲಕ್ಕಿಗೆ ಬಿಡುವಂತೆ ದಾರಿ ಬಿಡುತ್ತಾರೆ, ಹೆಂಗಸರು ಕೊಡ ಹಿಡಿದು ಹಿಂದೆ ಓಡುತ್ತಾರೆ. ಈ ಟ್ಯಾಂಕರಿನ ಪೈಪು ಮಾತ್ರ ಬಾವಿಯೊಳಕ್ಕೆ ಇಳಿದಿತ್ತು. ವಾಲ್ವು ಇನ್ನೂ ತೆರೆದೇ ಇದ್ದು, ಅರಿಶಿನ ಕಲಸಿದಂಥ ಹಳದಿ ನೀರು ಸುರಿಯುತ್ತಿತ್ತು. ಮೂಗಿಗೆ ಹೊಡೆಯುವ ವಾಸನೆ. ಕೆಳಗಿನ ಮೆಟ್ಟಿಲುಗಳಲ್ಲಿ ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಇಬ್ಬರು ಪಂಚರನ್ನು ಕರೆಸಿ ೪.೪೦ಕ್ಕೆ ಶವ ಪಂಚನಾಮೆ ಶುರುವಾಯಿತು. ಮೃತ ಭುಜಂಗ ಸಾನಪ್, ವಯಸ್ಸು ಮೂವತ್ತೊಂದು. ತಲೆಬುರುಡೆ ಮೂರು ಕಡೆ ಒಡೆದಿತ್ತು, ಕೆಳದವಡೆ ಕಳಚಿತ್ತು, ಮೇಲಿನ ನಾಲ್ಕು ಹಲ್ಲು ಕಲ್ಲಿನ ಮೇಲೆ ಸಿಕ್ಕವು. ಮುಖ ಹಳದಿ ನೀರಿನಲ್ಲಿ ಅದ್ದಿ ಹೋಗಿ ಬೆಂದಂತಾಗಿತ್ತು. ಪಕ್ಕದಲ್ಲಿ ವಾಲ್ವು ತಿರುಗಿಸುವ ಎರಡಡಿಯ ಪಾನಾ. ಅದರ ಒಂದು ತುದಿಯಲ್ಲಿ ಕೂದಲು, ಹಿಡಿಯುವ ತುದಿಯಲ್ಲಿ ಚರ್ಮದ ಚೂರು. ಹೊಡೆದವನು ತನ್ನ ಕೈಯ ಚರ್ಮವನ್ನೇ ಅಲ್ಲಿ ಬಿಟ್ಟು ಹೋಗಿದ್ದ.

ಮೆಟ್ಟಿಲ ಮೇಲೆ ಮುಚ್ಚಳವಿದ್ದ ಸ್ಟೀಲ್ ಪಾತ್ರೆಯೊಂದು ಸಿಕ್ಕಿತು. ಅದರ ತುಂಬ ಅದೇ ಹಳದಿ ನೀರು. ತಳದಲ್ಲಿ ಕೊರೆದಿದ್ದ ಅಕ್ಷರ ನೋಡಿ ಪಂಚರು ‘ಯಾವುದೋ ಮದ್ರಾಸಿ ಲಿಪಿ’ ಎಂದು ಬರೆಸಿದರು. ಧರ್ಮಣ್ಣ ಪಾತ್ರೆ ತಿರುಗಿಸಿ ಓದಿದ: ಅನಂತ ಭುವನ, ಸಿನ್ನರ್.

“ಮದ್ರಾಸಿ ಅಂತನ ಇರಲೇನ್ರಿ?” ಎಂದು ಕೇಳಿದ.

“ಬರೆದಾಗಿದೆ, ಇರಲಿ ಬಿಡು,” ಎಂದರು ಸಾಹೇಬರು.

ಕಾಶಿಬಾಯಿಯ ಹೇಳಿಕೆ: ಟ್ಯಾಂಕರು ಎರಡು ತಿಂಗಳಿಂದ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ. ಅವಳ ಆಡು ನಾಲ್ಕು ಸತ್ತಿವೆ. ಗ್ರಾಮಲೆಕ್ಕಿಗ ತಲಾಠಿಗೆ ಹೇಳಿದಾಗ, ಅರ್ಜಿ ಬರೆಸಿಕೊಂಡು ಬಾ, ಆಡಿನ ಫೋಟೋ ಹಚ್ಚು ಎಂದನಂತೆ. ಎರಡು ದಿನದ ಹಿಂದೆ, ಆಡು ಸತ್ತ ಸುದ್ದಿ ಕೇಳಿ, ಹೋಟೆಲಿನ ಒಬ್ಬ ‘ಅಣ್ಣಾ’ ಬಂದು ಬಾವಿಯನ್ನು ನೋಡಿ, ನೀರನ್ನು ಮೂಸಿ, ಟ್ಯಾಂಕರು ಮತ್ತೆ ಯಾವಾಗ ಬರುತ್ತದೆಂದು ಕೇಳಿದ್ದ. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು.

ಧರ್ಮಣ್ಣ ಇದನ್ನು ಬರೆದುಕೊಂಡ. ಯಾಕೆ ಸುತ್ತಿತ್ತೆಂದು ಅವನು ಕೇಳಲಿಲ್ಲ.

ರಾತ್ರಿಯ ಊಟಕ್ಕೆ ಮೊದಲೇ ಕಲಮು ೩೦೨ರಡಿ ಎಫ್‌ಐಆರ್ ಆಯಿತು. ಮರುದಿನ ಬೆಳಿಗ್ಗೆ ಸಾಹೇಬರೂ ಧರ್ಮಣ್ಣನೂ ಟ್ಯಾಂಕರನ್ನು ಗುತ್ತಿಗೆಗೆ ಇಟ್ಟುಕೊಂಡಿದ್ದ ಪ್ಲೇಟಿಂಗ್ ಕಾರ್ಖಾನೆಗೆ ಹೋದರು. ಸೈಕಲ್ ಹ್ಯಾಂಡಲು, ನಲ್ಲಿ, ಕುರ್ಚಿಯ ಕಾಲುಗಳಿಗೆ ಹೊಳಪು ಕೊಡುವ ಜಾಗ. ಮ್ಯಾನೇಜರ್ ಮಧುಕರ ಚಹಾ ತರಿಸಿದ.

“ಟ್ಯಾಂಕರಿನಲ್ಲಿ ಏನಿತ್ತು?”

“ತೊಳೆದ ನೀರು ಸಾಹೇಬ.”

“ಎಲ್ಲಿಗೆ ಒಯ್ಯುತ್ತಿದ್ದ?”

“ಗೇಟಿನ ಆಚೆಗೆ.”

“ಆಚೆಗೆ ಎಲ್ಲಿಗೆ?”

“ಗೇಟಿನ ತನಕ ನಮ್ಮ ಜವಾಬ್ದಾರಿ. ಆಮೇಲೆ ಗುತ್ತಿಗೆದಾರನದು.”

“ಕುಡಿಯೋ ನೀರು ಅಂತ ಬರೆದಿದೆಯಲ್ಲ?”

“ಹಳೆ ಟ್ಯಾಂಕರು. ಪೇಂಟ್ ಹೋಗಿಲ್ಲ.”

ಗೇಟಿನ ರಿಜಿಸ್ಟರು ಜಪ್ತಿಯಾಯಿತು. ಮೇ ತಿಂಗಳಲ್ಲಿ ಟ್ಯಾಂಕರು ಹೊರಬಿದ್ದ ದಿನಗಳು: ೨, ೬, ೧೬, ೨೦. ನಡುವೆ ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಕಾರ್ಖಾನೆ ಬಂದ್.

ಅನಂತ ಭುವನದಲ್ಲಿ ಪೈಗಳು ಪಾತ್ರೆಯನ್ನು ನೋಡಿ ತಮ್ಮದೇ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಬೆವರಿದರು. ಧರ್ಮಣ್ಣ ಗಲ್ಲಾದ ಹಿಂದಿನ ಕ್ಯಾಲೆಂಡರನ್ನು ನೋಡುತ್ತ ನಿಂತ. ಹಿಟ್ಟು ಕೈಕೊಟ್ಟ ದಿನಗಳಿಗೆ ಪೈಗಳು ಕೆಂಪು ಸುತ್ತು ಹಾಕಿದ್ದರು. ೪, ೫. ೮, ೯. ಆಮೇಲೆ ಒಂದು ವಾರ ಚೊಕ್ಕಟ. ಮತ್ತೆ ೧೮, ೧೯.

ಅವನು ರಿಜಿಸ್ಟರನ್ನು ತೆರೆದು ಪಕ್ಕಕ್ಕೆ ಹಿಡಿದ. ಟ್ಯಾಂಕರು ಹೊರಟು ಎರಡು ದಿನಕ್ಕೆ ಹಿಟ್ಟು ಸತ್ತಿತ್ತು. ಪ್ರತಿ ಸಲವೂ. ಬಾವಿಗೆ ಸುರಿದದ್ದು ಕರಿಕಲ್ಲಿನ ಬಿರುಕಿನಲ್ಲಿ ಹರಿದು ಹೋಟೆಲಿನ ಹಿತ್ತಲ ಬಾವಿಗೆ ಬರಲು ಎರಡು ದಿನ ಬೇಕಿತ್ತು. ಗಿರಾಕಿಗಳಿಗೆ ಕುಡಿಯಲು ನಳದ ನೀರು; ಬಾವಿಯ ನೀರು ಸಿಹಿ ಎಂದು ಹಿಟ್ಟಿಗೆ ಮಾತ್ರ ಅದು. ಹಿಟ್ಟನ್ನು ಉಬ್ಬಿಸುವ ಕಣ್ಣಿಗೆ ಕಾಣದ ಜೀವ ಅದರಲ್ಲಿ ಸಾಯುತ್ತಿತ್ತು.

“ಪೈ ಅವರ, ಹದಿನೆಂಟಕ್ಕ ಹೊಸಬನ ಕೈನೂ ಹೋತೇನ್ರಿ?”

ಪೈಗಳು ಫ್ಯಾನನ್ನು ನೋಡಿದರು.

“ಮುದ್ದಣ್ಣ ಬಂದಿದ್ನ?”

“ಬಂದಿದ್ದ. ಹೊಸಬನ ಹಿಟ್ಟೂ ಸತ್ತದ್ದು ಕೇಳಿ ಅವತ್ತೇ, ಹಿಂದಿನ ಬಾಗಿಲಿಗೆ. ದೋಷ ಕೈಯದ್ದಲ್ಲ ಧನಿ, ನೀರಿನದ್ದು ಅಂದ. ಎಲ್ಲರಿಗೂ ಒಮ್ಮೆ ಫೋನು ಮಾಡಿ ಹೇಳಿ ಅಂದ.”

“ನೀವೇನಂದ್ರಿ?”

“ಹೇಳಿದ್ದನ್ನು ವಾಪಸು ತಕ್ಕೊಳ್ಳುವುದು ಹೇಗೆ ಮಾರಾಯ್ರೆ? ನಾಲ್ಕು ಜನರ ಎದುರು ನನ್ನ ಮರ್ಯಾದೆ ಉಂಟಲ್ಲ. ನೀರು ಅಂತಾದರೆ ನೀರು ಕೆಡಿಸಿದವನನ್ನೇ ಕರಕೊಂಡು ಬಾ, ಅವನ ಬಾಯಲ್ಲೇ ಕೇಳ್ತೇನೆ ಅಂದೆ. ಈ ಪಾತ್ರೆ ತಕ್ಕೊಂಡು ಹೋದ.”

ಮುದ್ದಣ್ಣನ ಬಾಡಿಗೆ ಕೋಣೆಗೆ ಬೀಗವಿತ್ತು. ತಂಗಿ ಚಂಪಾ ಔರಂಗಾಬಾದ್‌ನ ಪೈಠಣ್ ಗೇಟಿನ ಹತ್ತಿರ ಇದ್ದಾಳೆ ಎಂದು ಪೈಗಳೇ ಹೇಳಿದರು. ಮೇ ೨೩ರ ಬೆಳಿಗ್ಗೆ ಧರ್ಮಣ್ಣ ಕಾನ್‌ಸ್ಟೇಬಲ್ ದತ್ತುವಿನೊಂದಿಗೆ ಎಸ್‌ಟಿ ಬಸ್ ಹತ್ತಿದ. ದತ್ತುವಿಗೆ ದಾರಿಯುದ್ದಕ್ಕೂ ಒಂದೇ ಚಿಂತೆ.

“ಹವಾಲ್ದಾರ್ ಸಾಹೇಬ, ಹಿಟ್ಟಿನ ಸಲುವಾಗಿ ಯಾರಾದರೂ ಖೂನ್ ಮಾಡ್ತಾರೇನ್ರಿ?”

“ನಿನ್ನ ಟೋಪಿ, ಬೆಲ್ಟು ಕಸಗೊಂಡು ನೀ ಪೊಲೀಸನ ಅಲ್ಲ ಅಂತ ಮೂರು ಊರಿಗೆ ಡಂಗುರ ಹೊಡೀತೀನಿ. ಆಮ್ಯಾಲ ಕೇಳು.”

ಸ್ಥಳೀಯ ಠಾಣೆಗೆ ವರದಿ ಕೊಟ್ಟು ೨.೧೦ಕ್ಕೆ ಮನೆ ತಲುಪಿದರು. ಬಾಗಿಲು ತೆರೆದೇ ಇತ್ತು. ಮುದ್ದಣ್ಣ ಗೋಡೆಗೆ ಒರಗಿ ಕುಳಿತಿದ್ದ. ಚಂಪಾ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದವು. ಬಟ್ಟೆಯ ಮೇಲೆ ಹಳದಿ ಕಲೆ.

“ಊಟ ಮುಗೀಲಿ,” ಎಂದ ಧರ್ಮಣ್ಣ. ದತ್ತು ಬಾಗಿಲಲ್ಲಿ ನಿಂತ.

ಗಂಜಿ ಮುಗಿದ ಮೇಲೆ ಬಟ್ಟೆ ಬಿಚ್ಚಿಸಿದರು. ಅಂಗೈಯ ನಡುವೆ ಚರ್ಮ ಉಳಿದಿರಲಿಲ್ಲ. ಬೆರಳ ಸಂದುಗಳಲ್ಲಿ ಮೊಳೆ ಹೊಡೆದು ಕಿತ್ತಂಥ ಗುಂಡನೆಯ ಕುಳಿಗಳು. ಚಂಪಾ ಮುಖ ತಿರುಗಿಸಿಕೊಂಡಳು.

“ಟ್ಯಾಂಕರಿನ ಹತ್ರ ಯಾಕ ಹೋದಿ?”

“ಅವನನ್ನು ಕರೀಲಿಕ್ಕೆ. ಧನಿಗಳ ಹತ್ರ ಬಂದು ಒಂದು ಮಾತು ಹೇಳು, ನೀರು ಕೆಟ್ಟದ್ದು ನನ್ನಿಂದ ಅಂತ. ಬೇರೆ ಯಾರಿಗೂ ಹೇಳುವುದಿಲ್ಲ ಅಂದೆ. ಕೈ ಮುಗಿದೆ.”

“ಅವ ಏನಂದ?”

“ಕೈ ತೋರಿಸು ಅಂದ. ಬಟ್ಟೆ ಬಿಚ್ಚಿ ತೋರಿಸಿದೆ. ಗಾಯ ಇತ್ತು. ಇದಕ್ಕೆ ನನ್ನ ಹತ್ರ ಔಷಧಿ ಉಂಟು ಅಂತ ಎರಡೂ ಕೈ ಒಟ್ಟಿಗೆ ಹಿಡಿದು ಪೈಪಿನ ಬಾಯಿಗೆ ಇಟ್ಟ. ನಾನು ಕೂಗಿದೆ. ಅವನು ನಗ್ತಾ ಇದ್ದ. ಈಗ ಹೋಗಿ ಹಿಟ್ಟು ಕಲಸು, ಬಂಗಾರದ ಇಡ್ಲಿ ಆಗ್ತದೆ ಅಂದ.”

“ಆಮ್ಯಾಲ?”

“ಪಾನಾ ಅಲ್ಲೇ ಇತ್ತು.”

“ಎಷ್ಟು ಏಟು ಹೊಡೆದಿ?”

“ನಗು ನಿಲ್ಲುವ ತನಕ.” ಹಿಂದೆಯೇ ಸೇರಿಸಿದ, “ನಿಂತ ಮೇಲೂ ಹೊಡೆದೆ. ಆಮೇಲೆ ಮುಖವನ್ನು ಆ ನೀರಿಗೆ ಒತ್ತಿ ಹಿಡಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.”

ಧರ್ಮಣ್ಣ ಬರೆಯುತ್ತಿದ್ದ. “ಮೊದಲಿನ ಗಾಯ ಅಂದೆಲ್ಲ. ಅದು ಹ್ಯಾಂಗಾತು?”

ಮುದ್ದಣ್ಣ ಅವನ ಮುಖ ನೋಡಿದ. “ನೀವೇ ಅಲ್ವಾ. ಎಣಿಸಿದ್ದು ಕೂಡ ನೀವೇ.”

ಬೇಡಿ ಹಾಕುವಂಥ ಸ್ಥಿತಿಯಲ್ಲಿ ಮಣಿಕಟ್ಟು ಇರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ೩.೦೫ಕ್ಕೆ ಬಂಧನವನ್ನು ದಾಖಲಿಸಿದರು.

ಔರಂಗಾಬಾದ್‌ನ ಪ್ರಯೋಗಾಲಯ ನೀರಿನಲ್ಲಿ ಹೊಳಪು ಕೊಡಲು ಬಳಸುವ ವಿಷಕಾರಿ ಕ್ರೋಮಿಯಂ ಇದೆ ಎಂದು ಬರೆದುಕೊಟ್ಟಿತು. ಪಾತ್ರೆಯ ನೀರಿನಲ್ಲೂ, ಪೈಗಳ ಬಾವಿಯಲ್ಲೂ. ಸರಕಾರಿ ವೈದ್ಯರು ಸುಟ್ಟ ಗಾಯದ ಪ್ರಮಾಣಪತ್ರದಲ್ಲಿ ಇನ್ನೊಂದು ಸಾಲನ್ನು ಬರೆದಿದ್ದರು: ಅಂಗೈಯ ಅಂಚಿನಲ್ಲಿ ಎರಡು ವಾರ ಹಳೆಯ ಬೆತ್ತದ ಬಾಸುಂಡೆ.

“ಈ ಸಾಲು ದೋಷಾರೋಪ ಪಟ್ಟಿಗೆ ಬೇಡ,” ಎಂದರು ಗಾಯಧನಿ ಸಾಹೇಬರು. “ನೀರಿನ ಪುರಾಣವೂ ಬೇಡ. ಇದು ಖೂನಿನ ಕೇಸು ಧರ್ಮಾ. ಕಾರಣ ಹೋಟೆಲ್ ನೌಕರಿಯ ತಕರಾರು ಅಂತ ಬರಿ.”

ಧರ್ಮಣ್ಣ ಹಾಗೆಯೇ ಬರೆದ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯದು. ಮುದ್ದಣ್ಣ ಅದನ್ನೇ ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಮ್ಮೆ ಹೇಳಿದ, ಒಂದು ಶಬ್ದವನ್ನೂ ಕಡಿಮೆ ಮಾಡದೆ. ತನಗೆ ಬೇಕಾಗಿದ್ದದ್ದು ಆ ಒಂದು ಮಾತು, ಅದು ಸಿಕ್ಕಿದ್ದರೆ ಬಾವಿ ಯಾರದು, ನೀರು ಯಾರದು ಎಂದು ತಾನು ಕೇಳುತ್ತಿರಲಿಲ್ಲ ಎಂದೂ ಹೇಳಿದ.

೧೯೯೦ರ ಫೆಬ್ರವರಿಯಲ್ಲಿ ನಾಸಿಕ್ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಆರೋಪಿಯ ವಕೀಲರು ವೈದ್ಯರ ಪ್ರಮಾಣಪತ್ರ ಹಿಡಿದು ಧರ್ಮಣ್ಣನನ್ನು ಕೇಳಿದರು.

“ಈ ಬೆತ್ತದ ಗಾಯ ಯಾರು ಮಾಡಿದ್ದು, ಗೊತ್ತಿದೆಯೇ?”

ಸರಕಾರಿ ವಕೀಲರು ಎದ್ದು ಆಕ್ಷೇಪಿಸುವಷ್ಟರಲ್ಲಿ ಧರ್ಮಣ್ಣ ಉತ್ತರ ಕೊಟ್ಟಿದ್ದ.

“ನಾನು.”

“ಎಷ್ಟು ಏಟು?”

“ಹನ್ನೆರಡು. ಯಾವ ಅಪರಾಧನೂ ಇರಲಿಲ್ರಿ. ಹಿಟ್ಟು ಉಬ್ಬಿರಲಿಲ್ಲ.”

ಕೋರ್ಟಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಹಳದಿ ನೀರು ಎಲ್ಲಿಂದ ಬಂತು, ಅದು ಆ ಗಾಯದ ಮೇಲೆ ಹೇಗೆ ಬಿತ್ತು ಎಂಬುದನ್ನು ಮೊದಲಿನಿಂದ ಹೇಳಿಸಿದರು. ಅದಕ್ಕೆ ಎರಡು ಗಂಟೆ ಹಿಡಿಯಿತು.

ಉದ್ರೇಕದ ಭರದಲ್ಲಿ ಆದ ಕೃತ್ಯವೆಂದು ಕೋರ್ಟು ಕೊಲೆಯ ೩೦೨ನ್ನು ಬಿಟ್ಟು ಕೊಲೆಯಲ್ಲದ ನರಹತ್ಯೆಯ ೩೦೪ನ್ನು ಹಿಡಿಯಿತು. ಮುದ್ದಣ್ಣನಿಗೆ ಏಳು ವರ್ಷದ ಕಠಿಣ ಶಿಕ್ಷೆಯಾಯಿತು. ಮೆಟ್ಟಿಲುಬಾವಿಯನ್ನು ಮಣ್ಣು ಹಾಕಿ ಮುಚ್ಚಲಾಯಿತು. ಕಾರ್ಖಾನೆಗೆ ನೋಟಿಸು ಹೋಯಿತು. ಧರ್ಮಣ್ಣನಿಗೆ ಮಾಲೇಗಾಂವಿಗೆ ವರ್ಗವಾಯಿತು. ಮುದ್ದಣ್ಣನ ಬಲಗೈಯ ಮೂರು ಬೆರಳು ಮಡಚಲು ಬಾರದ್ದರಿಂದ ಜೈಲಿನವರು ಅವನನ್ನು ಅಡಿಗೆಮನೆಗೆ ಹಾಕಲಿಲ್ಲ.